ಹಸುವಿನ ಕಣ್ಣು, ಇಲಿಯ ಕಣ್ಣು, ನನ್ನ ಕಣ್ಣು

ಮೊನ್ನೆಯಿಂದ ಇದನ್ನು ಬರೆಯಬೇಕು ಅಂತ ಇದ್ದೆ. ಸಿಟ್ಟಿನಲ್ಲಿ ಬರೆಯೋದು ಬೇಡ, ಎರಡು ದಿನ ಹೋಗಲಿ ಅಂತ ಸುಮ್ಮನಿದ್ದೆ. ಎರಡು ದಿನ ಹೋಯಿತು. ಸಿಟ್ಟು ಹೋಗಲಿಲ್ಲ.

ಆಗಿದ್ದು ಇಷ್ಟು. ನೆಂಟರೆಲ್ಲ ಒಂದು ಕಡೆ ಸೇರಿದ್ದೆವು. ನಮ್ಮ ಅಕ್ಕನ ಮಗಳೂ ಬಂದಿದ್ದಳು. ಅವಳು ಪಿಎಚ್‌ಡಿ ಮಾಡುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು, ಇಲ್ಲೇ ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಆಗ ತಾನೇ ಹುಟ್ಟಿದ ಇಲಿಮರಿಯ ಕಣ್ಣಿನೊಳಗೆ, ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರದಲ್ಲಿ, ರಕ್ತನಾಳಗಳು ಹೇಗೆ ಹರಡುತ್ತವೆ ಅನ್ನೋದು ಅವಳ ವಿಷಯ. ಇದು ಐದನೇ ವರ್ಷ. ಯಾರೋ ಕೇಳಿದರು, ಅವಳು ಖುಷಿಯಿಂದ ಹೇಳೋಕೆ ಶುರು ಮಾಡಿದಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಎರಡೂ ಕೈ ಅಗಲಿಸಿ, ನಾಳಗಳು ನಡುವಿನಿಂದ ಅಂಚಿನ ಕಡೆಗೆ ಹೇಗೆ ಸಾಗುತ್ತವೆ ಅಂತ ತೋರಿಸುತ್ತಿದ್ದಳು. ಅಷ್ಟರಲ್ಲಿ ಒಬ್ಬ ಹಿರಿಯರು, "ಇಲಿ ಕಣ್ಣಾ? ಐದು ವರ್ಷದಿಂದಾನಾ? ಇದರಿಂದ ಏನಮ್ಮಾ ಉಪಯೋಗ?" ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಅಗಲಿಸಿದ್ದ ಕೈ ಮಡಿಲಿಗೆ ಬಂತು. ಮತ್ತೆ ಲೋಟ ಎತ್ತಿಕೊಂಡು ಸುಮ್ಮನೆ ಕೂತಳು.

ಆ ಕೈ ಮಡಿಲಿಗೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲೇ ಮಾತಾಡಬೇಕಿತ್ತು ನಾನು. ಆಡಲಿಲ್ಲ. ಹಿರಿಯರು, ಮನೆ ತುಂಬ ಜನ ಅಂತ ಬಾಯಿ ಮುಚ್ಚಿಕೊಂಡೆ. ಅಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತೇನೆ. ಉದ್ದ ಆಗುತ್ತೆ, ಆದರೂ ಓದಿ.

ನನಗೆ ಬಣ್ಣಗುರುಡು ಇದೆ ಅನ್ನೋದು ಹಳೆಯ ಗೆಳೆಯರಿಗೆ ಗೊತ್ತು. ಕೆಂಪು ಮತ್ತು ಹಸಿರು ನನಗೆ ಬೇರೆ ಬೇರೆಯಾಗಿ ಕಾಣೋದಿಲ್ಲ. ಅದು ಅಧಿಕೃತವಾಗಿ ಗೊತ್ತಾಗಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಒಂದು ಕೆಲಸಕ್ಕೆ ಆಯ್ಕೆಯಾಗಿ ವೈದ್ಯಕೀಯ ಪರೀಕ್ಷೆಗೆ ನಿಂತಾಗ. ಇಶಿಹಾರಾ ಪುಸ್ತಕ ನೋಡಿದ್ದೀರಲ್ವಾ? ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದೆ. ಜಪಾನಿನ ಶಿನೋಬು ಇಶಿಹಾರಾ ಅನ್ನೋ ಕಣ್ಣಿನ ಡಾಕ್ಟರು 1917ರಲ್ಲಿ ಮಾಡಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಮೊದಲ ಪುಟದಲ್ಲಿ 12 ಕಾಣಿಸಿತು. ಆ ಪುಟ ಎಲ್ಲರಿಗೂ ಕಾಣುವಂಥದ್ದು, ಪರೀಕ್ಷೆ ಅರ್ಥವಾಗಲಿ ಅಂತ ಇಟ್ಟಿರುವುದು ಅಂತ ಆಗ ನನಗೆ ಗೊತ್ತಿರಲಿಲ್ಲ. ಎರಡನೇ ಪುಟಕ್ಕೆ ಧೈರ್ಯವಾಗಿ "ಮೂರು" ಅಂದೆ. ಸರಿಯಾಗಿ ಕಾಣುವವರು ಅಲ್ಲಿ 8 ಓದುತ್ತಾರೆ. ಆಮೇಲಿನ ಪುಟಗಳಲ್ಲಿ ಚುಕ್ಕಿ ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರು ಪುಟ ತಿರುವುತ್ತಾ ಹೋದರು, ನಾನು ಸುಮ್ಮನೆ ನಿಂತಿದ್ದೆ. ಹಿಂದೆ ಸಾಲಿನಲ್ಲಿದ್ದವನು ಕತ್ತು ಚಾಚಿ ನೋಡಿ, ನನಗೆ ಕಾಣದ ಅಂಕಿಯನ್ನು ಮೆಲ್ಲಗೆ ಓದಿದ. ಕೆಲಸ ಹೋಯಿತು.

ಕೆಲಸ ಹೋದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಮನೆಯಲ್ಲಿ ಆದದ್ದು. ಬಸಿರಿನಲ್ಲಿ ಜ್ವರದ ಮಾತ್ರೆ ತಗೊಂಡಿದ್ದಕ್ಕೇ ಮಗನಿಗೆ ಹೀಗಾಗಿದೆ ಅಂತ ಯಾರೋ ಅಮ್ಮನ ತಲೆಗೆ ತುಂಬಿದರು. ಅಮ್ಮ ನಂಬಿಬಿಟ್ಟರು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ವರ್ಷಗಟ್ಟಲೆ ಅದನ್ನು ಒಳಗೇ ಇಟ್ಟುಕೊಂಡಿದ್ದರು.

ಈಗ ಜೆರೆಮಿ ನೇಥನ್ಸ್ ವಿಷಯಕ್ಕೆ ಬರುತ್ತೇನೆ. ನಾವು ಬಣ್ಣ ನೋಡಲು ಬೇಕಾದ ಜೀನ್‌ಗಳನ್ನು ಹುಡುಕಿ ಓದಿದ ವಿಜ್ಞಾನಿ. ಈ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು.

1980ರ ಸುಮಾರಿಗೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಅಲ್ಲಿ ಡೆನಿಸ್ ಬೇಲರ್ ಮತ್ತು ಲೂಬರ್ಟ್ ಸ್ಟ್ರೈಯರ್ ಅಂತ ಇಬ್ಬರು ಮೇಷ್ಟ್ರು ಇದ್ದರು. ಮಬ್ಬು ಬೆಳಕಿನಲ್ಲಿ ನೋಡಲು ನಮಗೆ ರಾಡ್ ಅನ್ನೋ ಕೋಶಗಳಿವೆಯಲ್ಲ, ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಒಂದು ಕಣ ಬಿದ್ದರೂ ಆ ಕೋಶ ಸ್ಪಂದಿಸುತ್ತದೆ. ಬೇಲರ್ ಮತ್ತು ಜೊತೆಗಾರರು ನೆಲಗಪ್ಪೆಯ ರಾಡ್ ಕೋಶವನ್ನು ಸಣ್ಣ ಗಾಜಿನ ಕೊಳವೆಯ ತುದಿಗೆ ಎಳೆದುಕೊಂಡು ಇದನ್ನು ಅಳೆದು ತೋರಿಸಿದ್ದರು. ಇವರ ಪಾಠ ಕೇಳಿದ ಹುಡುಗನಿಗೆ ಹುಚ್ಚು ಹಿಡಿಯಿತು. ಆ ಕೋಶದಲ್ಲಿ ಬೆಳಕು ಹಿಡಿಯುವ ಪ್ರೋಟೀನ್, ರೊಡಾಪ್ಸಿನ್, ಅದರ ಜೀನ್, ಅಂದರೆ ಅದನ್ನು ತಯಾರಿಸಲು ಡಿಎನ್‌ಎಯಲ್ಲಿ ಬರೆದಿರುವ ಸೂಚನೆ, ಹೇಗಿರುತ್ತದೆ? ಬಣ್ಣ ನೋಡುವ ಕೋನ್ ಕೋಶಗಳ ಪ್ರೋಟೀನ್‌ಗಳೂ ಅದರ ದಾಯಾದಿಗಳೇ ಇರಬಹುದಾ?

ಅವರು ಸೇರಿಕೊಂಡದ್ದು ಡೇವಿಡ್ ಹಾಗ್ನೆಸ್ ಅವರ ಲ್ಯಾಬ್. ಅಲ್ಲಿ ನಡೆಯುತ್ತಿದ್ದದ್ದು ಹಣ್ಣುನೊಣದ ಕೆಲಸ. ನೊಣಗಳ ಲ್ಯಾಬಿನಲ್ಲಿ ಕೂತು ಒಬ್ಬ ವಿದ್ಯಾರ್ಥಿ ಹಸುವಿನ ಕಣ್ಣಿನ ಹಿಂದೆ ಬಿದ್ದ, ಗುರು ಬೇಡ ಅನ್ನಲಿಲ್ಲ. ಹಾಗ್ನೆಸ್ ಆ ದಿನ "ಏನಪ್ಪಾ ಉಪಯೋಗ?" ಅಂದಿದ್ದರೆ?

ಹಸುವೇ ಯಾಕೆ ಅಂದರೆ, ಹಸುವಿನ ರೆಟಿನಾದಲ್ಲಿ ರೊಡಾಪ್ಸಿನ್ ಧಾರಾಳವಾಗಿ ಸಿಗುತ್ತದೆ. ಅದರ ಅಮೈನೋ ಆಮ್ಲಗಳ ಸರಪಳಿಯನ್ನು ಮಾಸ್ಕೋದಲ್ಲಿ ಒವ್ಚಿನ್ನಿಕೋವ್ ತಂಡ, ಅಮೆರಿಕದಲ್ಲಿ ಹಾರ್ಗ್ರೇವ್ ತಂಡ ಒಂದೊಂದೇ ಕೊಂಡಿ ಬಿಡಿಸಿ ಓದುತ್ತಿದ್ದ ಕಾಲ ಅದು. 348 ಕೊಂಡಿಗಳು. ಆ ಓದಿನ ಸುಳಿವು ಹಿಡಿದು ಜೀನ್ ಹುಡುಕಬಹುದು. 1983ರಲ್ಲಿ ಹಸುವಿನ ರೊಡಾಪ್ಸಿನ್ ಜೀನ್ ಸಿಕ್ಕಿತು. 1984ರಲ್ಲಿ ಮನುಷ್ಯರದ್ದು.

ಆಮೇಲಿನ ಹೆಜ್ಜೆ ನನಗೆ ಎಷ್ಟು ಇಷ್ಟ ಅಂದರೆ, ಮಕ್ಕಳಿಗೆ ಕಥೆ ಹೇಳುವ ಹಾಗೆ ಎಷ್ಟೋ ಜನರಿಗೆ ಹೇಳಿದ್ದೇನೆ. ಡಿಎನ್‌ಎಯ ಎರಡು ಎಳೆಗಳು ಅಕ್ಷರಕ್ಕೆ ಅಕ್ಷರ ಹೊಂದಿಕೊಂಡರೆ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಶಾಖ ಸ್ವಲ್ಪ ಇಳಿಸಿ, ಉಪ್ಪು ಸ್ವಲ್ಪ ಏರಿಸಿದರೆ, ಪೂರ್ತಿ ಹೊಂದದೆ ಅಷ್ಟಿಷ್ಟು ಹೋಲುವ ಎಳೆಗಳೂ ಅಂಟುತ್ತವೆ. ಅಂದರೆ ಒಬ್ಬರ ಮುಖ ತೋರಿಸಿ "ಈ ಛಾಯೆ ಇರುವವರು ಇಲ್ಲಿ ಯಾರಿದ್ದಾರೆ?" ಅಂತ ಊರೆಲ್ಲ ಕೇಳಿದ ಹಾಗೆ. ನೇಥನ್ಸ್ ಹಸುವಿನ ಜೀನನ್ನು ಹಿಡಿದು ಮನುಷ್ಯರ ಡಿಎನ್‌ಎಯಲ್ಲಿ ಅದರ ನೆಂಟರನ್ನು ಹುಡುಕಿದರು. ಯಾರ ಡಿಎನ್‌ಎ? ತಮ್ಮದೇ. ನೆಂಟರು ಸಿಕ್ಕಿದರು. ಕೆಂಪು, ಹಸಿರು, ನೀಲಿ.

ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯಲು ಮೂರು ಬಗೆಯ ಗ್ರಾಹಕಗಳಿರಬೇಕು ಅಂತ ಇಂಗ್ಲೆಂಡಿನ ಥಾಮಸ್ ಯಂಗ್ ಸೂಚಿಸಿದ್ದು 1802ರಲ್ಲಿ. ಆ ಮೂರರ ಜೀನ್‌ಗಳು ಓದಲು ಸಿಕ್ಕಿದ್ದು 1986ರಲ್ಲಿ. ನೂರ ಎಂಬತ್ತನಾಲ್ಕು ವರ್ಷ. ಐದು ವರ್ಷ ಜಾಸ್ತಿ ಆಯಿತು ಅನ್ನುವವರು ಈ ಲೆಕ್ಕ ಒಮ್ಮೆ ನೋಡಲಿ.

ಆ ಓದಿನಲ್ಲಿ ಏನಿತ್ತು ಗೊತ್ತಾ? ಕೆಂಪು ಮತ್ತು ಹಸಿರಿನ ಪ್ರೋಟೀನ್‌ಗಳು ನೂರಕ್ಕೆ 96ರಷ್ಟು ಒಂದೇ ಥರ. ನೀಲಿಯ ಜೊತೆ ಹೋಲಿಸಿದರೆ 43ರಷ್ಟು ಮಾತ್ರ. ಅಂದರೆ ಕೆಂಪು ಮತ್ತು ಹಸಿರು ಇತ್ತೀಚೆಗೆ ಬೇರೆಯಾದ ಅಣ್ಣತಮ್ಮಂದಿರು. ಎರಡೂ ಎಕ್ಸ್ ಕ್ರೋಮೋಸೋಮಿನ ಮೇಲೆ ಒಂದರ ಹಿಂದೆ ಒಂದು ಸಾಲಾಗಿ ಕೂತಿವೆ. ಮೊದಲು ಒಂದು ಕೆಂಪು, ಅದರ ಹಿಂದೆ ಹಸಿರು. ಬಣ್ಣ ಸರಿಯಾಗಿ ಕಾಣುವವರಲ್ಲೂ ಹಸಿರಿನ ಪ್ರತಿಗಳು ಒಬ್ಬರಲ್ಲಿ ಇದ್ದಷ್ಟೇ ಇನ್ನೊಬ್ಬರಲ್ಲಿ ಇರುವುದಿಲ್ಲ.

ನನ್ನ ಕಥೆ ಇರುವುದು ಇಲ್ಲೇ. ಹೆಣ್ಣಿನಲ್ಲಿ ಎರಡು ಎಕ್ಸ್ ಇರುತ್ತವೆ. ಅಂಡ ತಯಾರಾಗುವಾಗ ಅವೆರಡೂ ಅಕ್ಕಪಕ್ಕ ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅಕ್ಕಪಕ್ಕದ ಜೀನ್‌ಗಳು ಇಷ್ಟೊಂದು ಒಂದೇ ಥರ ಇದ್ದಾಗ ಜೋಡಣೆ ಜಾರುತ್ತದೆ. ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಹಾಕಿದರೆ ಏನಾಗುತ್ತದೆ? ಒಂದು ಕಡೆ ಗುಂಡಿ ಉಳಿಯುತ್ತದೆ, ಇನ್ನೊಂದು ಕಡೆ ಕಾಜ ಉಳಿಯುತ್ತದೆ. ಹಾಗೆ ಒಂದು ಎಕ್ಸ್‌ಗೆ ಹಸಿರಿನ ಜೀನ್ ಒಂದು ಜಾಸ್ತಿ ಹೋಗುತ್ತದೆ, ಇನ್ನೊಂದರಲ್ಲಿ ಇಲ್ಲವಾಗುತ್ತದೆ. ಆ ಇಲ್ಲವಾದ ಎಕ್ಸ್ ಹೆಣ್ಣುಮಗುವಿಗೆ ಬಂದರೆ ಅಪ್ಪನಿಂದ ಬಂದ ಇನ್ನೊಂದು ಎಕ್ಸ್ ಸಾಮಾನ್ಯವಾಗಿ ಕಾಪಾಡುತ್ತದೆ. ಗಂಡುಮಗುವಿಗೆ ಬಂದರೆ ಬೇರೆ ಎಕ್ಸ್ ಇಲ್ಲ. ನೇಥನ್ಸ್ ಮತ್ತು ಜೊತೆಗಾರರು ಕೆಂಪು-ಹಸಿರು ತೊಂದರೆ ಇದ್ದ 25 ಗಂಡಸರ ಡಿಎನ್‌ಎ ತೆಗೆದು ನೋಡಿದರು. ಆ ಜಾರಿದ ಗುರುತುಗಳು ಅಲ್ಲಿದ್ದವು.

ನನ್ನ ಬಳಿ ಹಸಿರಿನ ಜೀನ್ ಇಲ್ಲ. ಇಷ್ಟೇ ವಿಷಯ. ಜ್ವರ ಅಲ್ಲ, ಮಾತ್ರೆ ಅಲ್ಲ.

ಇದನ್ನು ಓದಿ ಅರ್ಥ ಮಾಡಿಕೊಂಡ ದಿನ ಅಮ್ಮನ ಪಕ್ಕ ಕೂತು ಹೇಳಿದೆ. ಅಂಗಿ ಬಿಚ್ಚಿ, ಗುಂಡಿ ತಪ್ಪಾಗಿ ಹಾಕಿ ತೋರಿಸಿದೆ. "ನಿಮ್ಮಪ್ಪನಿಗೂ ಹೀಗೇ ಇದ್ದಿರಬಹುದು ಅಮ್ಮ, ಅವರಿಂದ ನಿನಗೆ ಬಂದು, ನಿನ್ನಿಂದ ನನಗೆ ಬಂದಿರಬಹುದು" ಅಂದೆ. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಅಪ್ಪ ಮರದ ಹಣ್ಣು ಕೀಳುವಾಗ ಯಾವಾಗಲೂ ನನ್ನನ್ನೇ ಕರೀತಿದ್ರು ಕಣೋ. 'ಹಣ್ಣಾಗಿದೆಯೇನೇ, ನೋಡು' ಅಂತಿದ್ರು. ನಾನಿಲ್ಲದಿದ್ದರೆ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡೋರು. ಮುದ್ದಿಗೆ ಕರೀತಾರೆ ಅಂದ್ಕೊಂಡಿದ್ದೆ." ಅಮ್ಮ ಅತ್ತರು. ಅದು ದುಃಖದ ಅಳು ಅಲ್ಲ. ಇಷ್ಟು ವರ್ಷ ಹೊತ್ತಿದ್ದದ್ದನ್ನು ಇಳಿಸಿದ ಅಳು.

ಈಗ ಹೇಳಿ, ಹಸುವಿನ ಕಣ್ಣಿನಿಂದ ಏನು ಉಪಯೋಗ?

ಗಮನಿಸಿ, ನನಗೆ ಯಾವ ಔಷಧಿಯೂ ಸಿಕ್ಕಿಲ್ಲ. ಇವತ್ತಿಗೂ ಹಸಿರು ಎಲೆಗಳ ನಡುವಿನ ಕೆಂಪು ಹಣ್ಣು ನನಗೆ ಕಾಣೋದಿಲ್ಲ. ನೇಥನ್ಸ್ ನನ್ನ ಕಣ್ಣು ಸರಿ ಮಾಡಲಿಲ್ಲ. ಉಪಯೋಗ ಅಂದರೆ ಗುಳಿಗೆ, ಯಂತ್ರ, ಮಾರಾಟಕ್ಕಿಡುವ ವಸ್ತು ಅಂತ ಮಾತ್ರ ನಂಬಿದವರ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು ಸೊನ್ನೆ. ಆದರೆ ನಮ್ಮಮ್ಮ ತಾನು ತಪ್ಪಿತಸ್ಥೆ ಅಂದುಕೊಂಡೇ ಸಾಯಲಿಲ್ಲ. ಅದಕ್ಕೆ ಯಾವ ಲೆಕ್ಕ?

ತಿಳಿಯದೆ ಕಷ್ಟಪಟ್ಟವರಲ್ಲಿ ನಾನೊಬ್ಬನೇ ಅಲ್ಲ. ಪರಮಾಣು ಸಿದ್ಧಾಂತ ಕೊಟ್ಟ ಜಾನ್ ಡಾಲ್ಟನ್‌ಗೂ ನನ್ನದೇ ತೊಂದರೆ. 1794ರಲ್ಲಿ ತನಗೆ ಬಣ್ಣ ಹೇಗೆ ಕಾಣುತ್ತದೆ ಅಂತ ಅವರೇ ಮ್ಯಾಂಚೆಸ್ಟರ್‌ನಲ್ಲಿ ಪ್ರಬಂಧ ಓದಿದರು. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು, ಅದು ಕೆಂಪನ್ನು ನುಂಗುತ್ತಿರಬೇಕು ಅಂತ ಅವರ ಊಹೆ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಅಂತ ಹೇಳಿ ಇಟ್ಟಿದ್ದರು. 1844ರಲ್ಲಿ ಅವರು ತೀರಿಕೊಂಡ ಮೇಲೆ ತೆಗೆದು ನೋಡಿದರು. ದ್ರವ ತಿಳಿಯಾಗಿತ್ತು. ಊಹೆ ಸುಳ್ಳಾಯಿತು. ಆದರೂ ಆ ಕಣ್ಣನ್ನು ಯಾರೋ ಪುಣ್ಯಾತ್ಮರು ಎಸೆಯದೆ ಇಟ್ಟುಕೊಂಡರು. ಒಣಗಿದ ಕಣ್ಣು, ಅದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿರಬಹುದು. 1995ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅದರಿಂದ ಡಿಎನ್‌ಎ ತೆಗೆದು ಓದಿದರು. ಹಸಿರಿನ ಜೀನ್ ಇರಲಿಲ್ಲ. ಯಾವ ಜೀನ್ ಹುಡುಕಬೇಕು ಅಂತ ಅವರಿಗೆ ಗೊತ್ತಿದ್ದದ್ದು 1986ರ ಕೆಲಸದಿಂದ. ಡಾಲ್ಟನ್ ಕೇಳಿದ ಪ್ರಶ್ನೆಗೆ ಇನ್ನೂರು ವರ್ಷದ ಮೇಲೆ ಉತ್ತರ ಬಂತು. ಆ ಉತ್ತರ ಓದಿದಾಗ ನನಗೆ ಗಂಟಲು ಕಟ್ಟಿತು, ಸುಳ್ಳಲ್ಲ.

ಇನ್ನೊಂದು ಮಾತು. ನೇಥನ್ಸ್ ಇದನ್ನೆಲ್ಲ ಮಾಡಲು ಆದದ್ದು ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕಿಣ್ವಗಳಿಂದ. ಆ ಕಿಣ್ವಗಳು ಬಂದದ್ದು ಬ್ಯಾಕ್ಟೀರಿಯಾದಿಂದ. ವೈರಸ್ ಒಳಗೆ ನುಗ್ಗಿದರೆ ಬ್ಯಾಕ್ಟೀರಿಯಾ ಅದರ ಡಿಎನ್‌ಎಯನ್ನು ಕತ್ತರಿಸಿ ಹಾಕುತ್ತದೆ, ಅದರ ಕತ್ತರಿ ಅದು. ಆ ಕತ್ತರಿಯಿಂದ ಎಸ್‌ವಿ40 ಅನ್ನೋ ವೈರಸ್ಸಿನ ಡಿಎನ್‌ಎಯನ್ನು 11 ತುಂಡು ಮಾಡಿ 1971ರಲ್ಲಿ ತೋರಿಸಿದವರು ಡೇನಿಯಲ್ ನೇಥನ್ಸ್. ಜೆರೆಮಿಯ ತಂದೆ. 1978ರಲ್ಲಿ ವರ್ನರ್ ಆರ್ಬರ್ ಮತ್ತು ಹ್ಯಾಮಿಲ್ಟನ್ ಸ್ಮಿತ್ ಜೊತೆ ಅವರಿಗೆ ನೊಬೆಲ್ ಬಂತು. ಬ್ಯಾಕ್ಟೀರಿಯಾ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಅಂತ ಕೆಲವರು ಕುತೂಹಲಪಟ್ಟರು, ಅದರಿಂದ ಕತ್ತರಿ ಸಿಕ್ಕಿತು. ಅಪ್ಪ ಆ ಕತ್ತರಿ ಹಿಡಿಯೋದು ಹೇಗೆ ಅಂತ ತೋರಿಸಿದರು. ಮಗ ಅದರಿಂದ ಬಣ್ಣದ ಗಂಟು ಬಿಡಿಸಿದ. ಈ ಸರಪಳಿಯಲ್ಲಿ ಯಾವ ಕೊಂಡಿಯ ಹತ್ತಿರ ನಿಂತು "ಉಪಯೋಗ ಏನು?" ಅಂತ ಕೇಳಿ ನಿಲ್ಲಿಸುತ್ತೀರಿ?

1988ರಿಂದ ನೇಥನ್ಸ್ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದಾರೆ. ಕೆಂಪು-ಹಸಿರು ಎರಡೂ ಕೆಲಸ ಮಾಡದೆ ನೀಲಿ ಮಾತ್ರ ಉಳಿಯುವ ಕಾಯಿಲೆಯ ಕಾರಣವನ್ನು 1989ರಲ್ಲಿ ಅವರ ತಂಡ ತೋರಿಸಿತು. ಚಿಕ್ಕ ವಯಸ್ಸಿನಲ್ಲೇ ನಡುನೋಟ ಮಂಕಾಗುವ ಸ್ಟಾರ್ಗಾರ್ಟ್ ಕಾಯಿಲೆಯ ಜೀನನ್ನು 1997ರಲ್ಲಿ ಗುರುತಿಸಿದವರಲ್ಲಿ ಅವರೂ ಇದ್ದರು. ಆಮೇಲೆ ದಾರಿ ಎಲ್ಲಿಗೋ ತಿರುಗಿತು ಅನ್ನಿಸುತ್ತದೆ. ಫ್ರಿಝಲ್ಡ್ ಅಂತ ಒಂದು ಜೀನ್ ಇದೆ. ಅದು ಕೆಟ್ಟರೆ ಹಣ್ಣುನೊಣದ ಮೈಮೇಲಿನ ಕೂದಲು ಅಡ್ಡಾದಿಡ್ಡಿಯಾಗುತ್ತದೆ, ಅದಕ್ಕೇ ಆ ಹೆಸರು. ನೊಣದ ಕೂದಲು! ಆ ಕುಟುಂಬದ ಜೀನ್‌ಗಳನ್ನು ವರ್ಷಗಟ್ಟಲೆ ನೋಡುತ್ತಾ ಹೋದವರು 2004ರಲ್ಲಿ ಮತ್ತೆ ಕಣ್ಣಿನೊಳಗೇ ಬಂದರು. ಗಂಡುಮಕ್ಕಳು ಹುಟ್ಟುಕುರುಡರಾಗುವ ನಾರ್ರಿ ಕಾಯಿಲೆ ಇದೆಯಲ್ಲ, ಅದರಲ್ಲಿ ಕೆಟ್ಟಿರುವ ನಾರಿನ್ ಅನ್ನೋ ಪ್ರೋಟೀನ್ ಅದೇ ಕುಟುಂಬದ ಫ್ರಿಝಲ್ಡ್-4 ಅನ್ನೋ ಗ್ರಾಹಕಕ್ಕೆ ಹೋಗಿ ಕೂರುತ್ತದೆ, ರೆಟಿನಾದಲ್ಲಿ ರಕ್ತನಾಳ ಸರಿಯಾಗಿ ಬೆಳೆಯಲು ಆ ಸಂಕೇತ ಬೇಕೇ ಬೇಕು ಅಂತ ಅವರ ತಂಡ ತೋರಿಸಿತು. ಅಲ್ಲಿ ಸಂಕೇತ ತಪ್ಪಿದರೆ ಒಳಪದರದ ನಾಳಗಳು ಬೆಳೆಯುವುದೇ ಇಲ್ಲ.

ಇಲಿಯ ರೆಟಿನಾ. ರಕ್ತನಾಳ. ನಮ್ಮ ಹುಡುಗಿ ಮೊನ್ನೆ ಎರಡು ಕೈ ಅಗಲಿಸಿ ತೋರಿಸುತ್ತಿದ್ದದ್ದು ಇದೇ ದಾರಿಯ ಮುಂದಿನ ತುಣುಕು. ಅವಳನ್ನು ಒಂದು ನಿಮಿಷ ಮಾತಾಡಲು ಬಿಟ್ಟಿದ್ದರೆ ಹಿರಿಯರಿಗೂ ಗೊತ್ತಾಗುತ್ತಿತ್ತು.

2007ರ ಕೆಲಸವನ್ನೂ ಹೇಳದೆ ಬಿಡಲಾರೆ. ಇಲಿಗೆ ನಮ್ಮ ಹಾಗೆ ಮೂರಿಲ್ಲ, ಎರಡೇ ಬಗೆಯ ಕೋನ್ ಪ್ರೋಟೀನ್. ನೇಥನ್ಸ್, ಜೆರಾಲ್ಡ್ ಜೇಕಬ್ಸ್ ಮತ್ತು ಜೊತೆಗಾರರು ಮನುಷ್ಯರ ಕೆಂಪಿನ ಜೀನನ್ನು ಇಲಿಯ ಎಕ್ಸ್ ಕ್ರೋಮೋಸೋಮಿಗೆ ಸೇರಿಸಿದರು. ಮೂರು ಬೆಳಕಿನ ಫಲಕ, ಎರಡು ಒಂದೇ ಬಣ್ಣ, ಮೂರನೆಯದು ಬೇರೆ. ಬೇರೆಯದನ್ನು ಮುಟ್ಟಿದರೆ ಒಂದು ಹನಿ ಸೋಯಾ ಹಾಲು. ಸಾವಿರಾರು ಸಲ ಆಡಿಸಿದರು. ಮಾಮೂಲಿ ಇಲಿಗಳು ಮೂರಕ್ಕೆ ಒಂದು ಸಲ ಮಾತ್ರ, ಅಂದರೆ ಸುಮ್ನೆ ಅಂದಾಜಿನಲ್ಲಿ, ಸರಿ ಮುಟ್ಟಿದವು. ಹೊಸ ಜೀನ್ ಪಡೆದ ಇಲಿಗಳಲ್ಲಿ ಕೆಲವು ನೂರಕ್ಕೆ 80ರಷ್ಟು ಸರಿ ಮುಟ್ಟಿದವು. ಅವುಗಳ ಪೂರ್ವಜರು ಯಾರೂ ನೋಡದ ವ್ಯತ್ಯಾಸವನ್ನು ಅವು ನೋಡಿದವು. ನಾನು ಇದನ್ನು ರಾತ್ರಿ ಓದಿ ನಿದ್ದೆ ಮಾಡಲಿಲ್ಲ. ಇಲಿಯ ಮೇಲೆ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಕೆಲವರು ಹೇಳುತ್ತಾರೆ, ಜನರ ದುಡ್ಡು ಕಣಪ್ಪಾ, ಕೇಳುವ ಹಕ್ಕಿಲ್ವಾ ಅಂತ. ಇದೆ. ಖಂಡಿತ ಕೇಳಲಿ. ಎಲ್ಲ ಸಂಶೋಧನೆಯೂ ಎಲ್ಲಿಗೋ ತಲುಪುತ್ತದೆ ಅಂತಲೂ ನಾನು ಹೇಳುತ್ತಿಲ್ಲ, ಎಷ್ಟೋ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಮೊನ್ನೆ ಆದದ್ದು ಕೇಳಿದ್ದಲ್ಲ. ಕೇಳುವವರು ಉತ್ತರಕ್ಕೆ ಕಾಯುತ್ತಾರೆ. ಅಲ್ಲಿ ಯಾರೂ ಕಾಯಲಿಲ್ಲ. ನಕ್ಕು ಮುಗಿಸಿದರು.

ಔಷಧಿಯ ಉದಾಹರಣೆಯೇ ಬೇಕು ಅಂದರೆ ಅದೂ ಇದೆ. ಆರ್‌ಪಿಇ65 ಅನ್ನೋ ಜೀನ್ ಸಿಕ್ಕಿದ್ದು 1993ರಲ್ಲಿ. ಅದು ಕಣ್ಣಿನಲ್ಲಿ ಏನು ಮಾಡುತ್ತದೆ ಅಂತ ಆಗ ಸರಿಯಾಗಿ ಗೊತ್ತೇ ಇರಲಿಲ್ಲ. 2017ರಲ್ಲಿ ಅದೇ ಜೀನನ್ನು ಕಣ್ಣಿಗೆ ಸೇರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಕತ್ತಲಲ್ಲಿದ್ದ ಮಕ್ಕಳಿಗೆ ನೋಟ ಬಂತು. ಈ ಒಂದು ಉದಾಹರಣೆ ಕೊಟ್ಟು ನಾನು ಮೊನ್ನೆ ವಾದ ಗೆಲ್ಲಬಹುದಿತ್ತು. ಆದರೆ ಹಾಗೆ ಗೆಲ್ಲೋದು ನನಗೆ ಬೇಡ. ಹಾಗೆ ಗೆದ್ದರೆ ಆ ಹುಡುಗಿ ಪ್ರತಿ ಸಲ ಬಾಯಿ ತೆರೆಯುವ ಮುಂಚೆ ಜೇಬಿನಲ್ಲಿ ಒಂದು ಔಷಧಿ ಇಟ್ಟುಕೊಂಡೇ ಬರಬೇಕಾಗುತ್ತದೆ. ನಾಳ ಹೇಗೆ ಹರಡುತ್ತದೆ ಅಂತ ತಿಳಿಯಬೇಕು ಅನ್ನಿಸಿದೆ, ಅದಕ್ಕೆ ನೋಡುತ್ತಿದ್ದಾಳೆ. ಅಷ್ಟು ಸಾಲದಾ?

ಅವಳ ಎರಡು ಎಕ್ಸ್‌ಗಳಲ್ಲಿ ಒಂದು ನಮ್ಮ ತಾತನ ಆ ಎಕ್ಸ್ ಇದ್ದರೂ ಇರಬಹುದು. ಇದನ್ನು ಬರೆಯುವಾಗಲೇ ಹೊಳೆಯಿತು.

ಮೊನ್ನೆ ರಾತ್ರಿ ಅವಳಿಗೆ ಮೆಸೇಜ್ ಮಾಡಿದೆ. "ಅಲ್ಲಿ ನಾನು ಮಾತಾಡಬೇಕಿತ್ತು, ಆಡಲಿಲ್ಲ, ತಪ್ಪಾಯಿತು ಮಗಳೇ. ನೀನು ಹೇಳೋದು ಅರ್ಧಕ್ಕೆ ನಿಂತಿತು, ಈಗ ಹೇಳು" ಅಂದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಒಂದು ಚಿತ್ರ ಬಂತು, ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ರಕ್ತನಾಳಕ್ಕೆ ಕೆಂಪು, ನರಕೋಶಕ್ಕೆ ಹಸಿರು ಕೊಟ್ಟಿದ್ದಾಳಂತೆ. ನನಗೆ ಕಂಡದ್ದು ಒಂದೇ ಬಣ್ಣದ ಒಂದು ಮುದ್ದೆ. ಏನು ಬರೆಯಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳದೇ ಮೆಸೇಜ್ ಬಂತು. "ಅಯ್ಯೋ ಮಾಮ, ನಿಮಗೆ ಇದು ಕಾಣಲ್ಲ ಅಲ್ವಾ? ತಾಳಿ." ಆ ಬಣ್ಣಗಳು ಕಂಪ್ಯೂಟರಿನಲ್ಲಿ ಕೊಡುವಂಥವು, ಬದಲಿಸಬಹುದು. ಎರಡು ನಿಮಿಷದಲ್ಲಿ ಅದೇ ಚಿತ್ರ ಮತ್ತೆ ಬಂತು. ಕೆಂಪಿನ ಜಾಗದಲ್ಲಿ ಮಜೆಂತಾ ಹಾಕಿದ್ದಳು. "ಈಗ ನೋಡಿ ಮಾಮ. ಇದು ಏಳನೇ ದಿನದ ಮರಿ."

ಫೋನ್ ಹತ್ತಿರ ಹಿಡಿದು ನೋಡಿದೆ. ನಡುವಿನಿಂದ ಅಂಚಿನವರೆಗೂ ಕವಲೊಡೆದು ಹೋದ ನಾಳಗಳು, ಅವುಗಳ ಮಧ್ಯೆ ಬೇರೆಯಾಗಿ, ಸ್ಪಷ್ಟವಾಗಿ, ನರಕೋಶಗಳು. ತುದಿಯಲ್ಲಿ ಒಂದು ನಾಳ ಎಳೆಬಳ್ಳಿಯ ಹಾಗೆ ಮುಂದಕ್ಕೆ ಬೆರಳು ಚಾಚಿತ್ತು. "ಅದು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ.

ಅವಳು ಫೋನೇ ಮಾಡಿದಳು. ಒಂದು ಗಂಟೆ ಮಾತಾಡಿದಳು.